ಪಿಕೊ ದೊ ಫೋಗೊ ಶಿಖರವನ್ನು ಏರುವ ಕ್ರಮ

ಪಶ್ಚಿಮ ಆಫ್ರಿಕಾದ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿ ಹರಡಿರುವ ಕೇಪ್ ವರ್ಡಿ ದ್ವೀಪಗಳಲ್ಲೆಲ್ಲ ಅತಿ ಎತ್ತರದ ಶಿಖರವೆಂದರೆ ಫೋಗೊ ದ್ವೀಪದ ಪಿಕೊ ದೊ ಫೋಗೊ. ಸಮುದ್ರಮಟ್ಟದಿಂದ 2,829 ಮೀಟರ್ ಎತ್ತರವಿರುವ ಈ ಜೀವಂತ ಜ್ವಾಲಾಮುಖಿಯನ್ನು ಏರುವುದಕ್ಕೆ ಪರ್ವತಾರೋಹಣದ ವಿಶೇಷ ತರಬೇತಿಯೇನೂ ಬೇಕಿಲ್ಲ. ಆದರೆ ಕಾಲಡಿಯ ಬೂದಿ ಹೇಗೆ ವರ್ತಿಸುತ್ತದೆ ಮತ್ತು ಬಿಸಿಲು ಯಾವಾಗ ಮೈಮೇಲೆ ಬೀಳುತ್ತದೆ ಎಂಬ ಎರಡು ಸಂಗತಿಗಳನ್ನು ಅರಿಯದೆ ಹೊರಟರೆ, ಎಂಥ ಗಟ್ಟಿಗರೂ ಅರ್ಧ ದಾರಿಯಲ್ಲಿಯೇ ದಣಿದುಬಿಡುತ್ತಾರೆ.

ದ್ವೀಪದ ರಚನೆಯನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದ್ವೀಪದ ನಡುವೆ ಸುಮಾರು 9 ಕಿಲೋಮೀಟರ್ ಅಗಲದ ಬೃಹತ್ ಜ್ವಾಲಾಮುಖಿ ತಗ್ಗು ಇದೆ. ಅದರ ಪಶ್ಚಿಮಕ್ಕೆ ಬೋರ್ದೇರಾ ಎಂಬ ಕಡಿದಾದ ಬಂಡೆಗೋಡೆ ಅರ್ಧವೃತ್ತಾಕಾರದಲ್ಲಿ ನಿಂತಿದೆ. ಪೂರ್ವದ ಕಡೆ ಗೋಡೆಯೇ ಇಲ್ಲ. ಸುಮಾರು 73,000 ವರ್ಷಗಳ ಹಿಂದೆ ಹಳೆಯ ಪರ್ವತದ ಪೂರ್ವ ಪಾರ್ಶ್ವ ಕುಸಿದು ಸಮುದ್ರಕ್ಕೆ ಜಾರಿತೆಂದೂ, ಆಗ ಎದ್ದ ಅಲೆ ನೆರೆಯ ಸಾಂತಿಯಾಗೊ ದ್ವೀಪದ ಎತ್ತರದ ಜಾಗಗಳಿಗೆ ದೊಡ್ಡ ಬಂಡೆಗಳನ್ನು ಎತ್ತಿ ಎಸೆಯಿತೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಈಗಿನ ಪಿಕೊ ಹೀಗೆ ಬರಿದಾದ ಜಾಗದಲ್ಲಿ ಬೆಳೆದ ಶಂಕು. ಗೋಡೆಗೂ ಶಂಕುವಿಗೂ ನಡುವಿನ ಬಯಲೇ ಶಾ ದಾಸ್ ಕಾಲ್ದೇರಾಸ್. ಅದು ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಆದ್ದರಿಂದ ಕಾಲ್ನಡಿಗೆಯಲ್ಲಿ ಏರಬೇಕಾದದ್ದು ಸಾವಿರದ ನೂರು ಮೀಟರಿನಷ್ಟು ಮಾತ್ರ.

ಫೋಗೊಗೆ ಹೊರದೇಶಗಳಿಂದ ನೇರ ವಿಮಾನವಿಲ್ಲ. ರಾಜಧಾನಿ ಪ್ರಾಯಾದಿಂದ ಸುಮಾರು ಅರ್ಧ ಗಂಟೆಯ ವಿಮಾನ ಅಥವಾ ಹಡಗು ಹಿಡಿದು ಸಾವೊ ಫಿಲಿಪೆ ಪಟ್ಟಣ ತಲುಪಬೇಕು. ಚಳಿಗಾಲದ ತಿಂಗಳುಗಳಲ್ಲಿ ಸಹಾರಾ ಮರುಭೂಮಿಯ ದೂಳು ಗಾಳಿಯೊಂದಿಗೆ ಬಂದು ಆಕಾಶವನ್ನೇ ಮುಚ್ಚಿದಾಗ ವಿಮಾನಗಳು ತಡವಾಗುವುದುಂಟು; ಹಾಗಾಗಿ ಮರುಪ್ರಯಾಣಕ್ಕೆ ಮುನ್ನ ಒಂದೆರಡು ದಿನ ಬಿಡುವು ಇಟ್ಟುಕೊಳ್ಳುವುದು ಒಳ್ಳೆಯದು. ನಗದನ್ನು ಸಾವೊ ಫಿಲಿಪೆಯಲ್ಲಿಯೇ ಪಡೆದುಕೊಳ್ಳಿ. ಇಲ್ಲಿಯ ಹಣ ಎಸ್ಕುದೊ. ಒಂದು ಯೂರೋಗೆ 110.265 ಎಸ್ಕುದೊ ಎಂದು ದರ ನಿಗದಿಯಾಗಿದೆ. ಪಟ್ಟಣದಿಂದ ಬಯಲಿಗೆ ಹೋಗುವ ಬಾಡಿಗೆ ವ್ಯಾನುಗಳನ್ನು ಸ್ಥಳೀಯರು ಅಲುಗೇರ್ ಎನ್ನುತ್ತಾರೆ. ಅವು ಸಾಮಾನ್ಯವಾಗಿ ದಿನಕ್ಕೊಮ್ಮೆ ಮಧ್ಯಾಹ್ನದ ಸುಮಾರಿಗೆ ಮೇಲೇರಿ, ಮರುದಿನ ನಸುಕಿನಲ್ಲಿ ಇಳಿಯುತ್ತವೆ.

ಬಯಲಿನಲ್ಲಿ ಕನಿಷ್ಠ ಎರಡು ರಾತ್ರಿ ತಂಗಬೇಕೆಂಬುದು ನನ್ನ ದೃಢವಾದ ಸಲಹೆ. ಸಮುದ್ರತೀರದಿಂದ ಒಂದೇ ದಿನದಲ್ಲಿ ಶಿಖರಕ್ಕೆ ಹೋದರೆ ತಲೆನೋವು ಬರುವ ಸಾಧ್ಯತೆಯಿದೆ. ಬಯಲಿನಲ್ಲಿ ಮಲಗಿ ಎದ್ದ ದೇಹ ಎತ್ತರಕ್ಕೆ ಸ್ವಲ್ಪವಾದರೂ ಹೊಂದಿಕೊಂಡಿರುತ್ತದೆ. ಇದಕ್ಕಿಂತ ಮುಖ್ಯವಾದ ಕಾರಣ ಅಲ್ಲಿಯ ಜನ. 2014ರ ನವೆಂಬರ್ 23ರಂದು ಆರಂಭವಾಗಿ 2015ರ ಫೆಬ್ರವರಿಯವರೆಗೆ ನಡೆದ ಸ್ಫೋಟದಲ್ಲಿ ಹರಿದ ಲಾವಾ ಪೋರ್ತೆಲಾ ಮತ್ತು ಬಂಗಾಯೇರಾ ಎಂಬ ಎರಡು ಊರುಗಳನ್ನು ಬಹುಪಾಲು ನುಂಗಿಹಾಕಿತು. ಮನೆ, ಶಾಲೆ, ದ್ರಾಕ್ಷಾರಸದ ಘಟಕ ಎಲ್ಲವೂ ಹೋದ ಮೇಲೆ ಜನ ಹಿಂದಿರುಗಿ, ಗಟ್ಟಿಯಾದ ಕಪ್ಪು ಲಾವಾದ ಮೇಲೆಯೇ ಮತ್ತೆ ಮನೆ ಕಟ್ಟಿದರು. ನೀವು ತಂಗುವ ಕೋಣೆಯೂ ನಿಮಗೆ ದಾರಿ ತೋರಿಸುವವರೂ ಆ ಮನೆಗಳವರೇ. ಅಲ್ಲಿ ಖರ್ಚು ಮಾಡಿದ ಹಣ ಊರು ಮತ್ತೆ ನಿಲ್ಲುವುದಕ್ಕೆ ನೇರವಾಗಿ ನೆರವಾಗುತ್ತದೆ. ನೀರನ್ನು ಮಾತ್ರ ಮಿತವಾಗಿ ಬಳಸಬೇಕು, ಏಕೆಂದರೆ ಬಯಲಿನಲ್ಲಿ ಹರಿಯುವ ತೊರೆಗಳಿಲ್ಲ. ಮಳೆನೀರನ್ನು ತೊಟ್ಟಿಗಳಲ್ಲಿ ಹಿಡಿದಿಟ್ಟುಕೊಂಡು ಜನ ಬದುಕುತ್ತಾರೆ.

ಏರುವುದಕ್ಕೆ ನವೆಂಬರಿನಿಂದ ಜೂನ್‌ವರೆಗಿನ ಒಣ ಕಾಲ ಸೂಕ್ತ. ಮಳೆ ಬೀಳುವುದಿದ್ದರೆ ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಸ್ಥಳೀಯ ಮಾರ್ಗದರ್ಶಕರಿಲ್ಲದೆ ಎಂದಿಗೂ ಹೋಗಬೇಡಿ. ಗಾಳಿಗೆ ಹೆಜ್ಜೆಗುರುತುಗಳು ಅಳಿಸಿಹೋಗುವ ಇಳಿಜಾರಿನಲ್ಲಿ, ಅದರಲ್ಲೂ ಮೋಡ ಕವಿದಾಗ, ದಾರಿ ಯಾವುದು ಕಂದರ ಯಾವುದು ಎಂದು ಹೊಸಬರಿಗೆ ತಿಳಿಯುವುದಿಲ್ಲ. ಹಿಂದಿನ ಸಂಜೆಯೇ ಅವರನ್ನು ಕಂಡು, ಸಂಭಾವನೆ, ಹೊರಡುವ ಹೊತ್ತು, ಇಳಿಯುವ ದಾರಿ ಮೂರನ್ನೂ ಮಾತನಾಡಿ ಗೊತ್ತುಮಾಡಿಕೊಳ್ಳಿ. ಗಾಳಿ ಜೋರಾಗಿದೆ, ಇಂದು ಬೇಡ ಎಂದು ಅವರು ಹೇಳಿದರೆ ವಾದಿಸಬೇಡಿ.

ತಲಾ ಮೂರು ಲೀಟರ್ ನೀರು ಕಡ್ಡಾಯ. ದಾರಿಯಲ್ಲಿ ಒಂದು ಹನಿಯೂ ಸಿಗದು. ಕಣಕಾಲನ್ನು ಮುಚ್ಚುವ ಗಟ್ಟಿ ಬೂಟು, ಅದರೊಳಗೆ ಬೂದಿ ಹೋಗದಂತೆ ತಡೆಯುವ ಗೈಟರ್, ಉದ್ದ ಪ್ಯಾಂಟು, ಕೈಗವಸು, ಮೂಗು ಬಾಯಿ ಮುಚ್ಚಲು ಬಟ್ಟೆ, ತಂಪು ಕನ್ನಡಕ, ಟೋಪಿ ಮತ್ತು ತುದಿಯ ಗಾಳಿಗೆ ಒಂದು ಜಾಕೆಟ್ ಇರಲಿ. ಕೈಗವಸನ್ನು ಅನಾವಶ್ಯಕವೆಂದು ಬಿಟ್ಟು ಹೋಗುವವರು ಬಹಳ. ಆದರೆ ಜ್ವಾಲಾಮುಖಿಯ ಕಲ್ಲಿನ ಅಂಚು ಗಾಜಿನಷ್ಟೇ ಹರಿತ. ಒಮ್ಮೆ ಜಾರಿ ಕೈಯೂರಿದರೆ ಅಂಗೈಯ ಚರ್ಮ ಕಿತ್ತುಬರುತ್ತದೆ.

ಬೆಳಗಿನ ಐದರಿಂದ ಆರರೊಳಗೆ ಹೊರಡಬೇಕು. ಶಿಖರವು ಊರಿನ ಪೂರ್ವಕ್ಕಿರುವುದರಿಂದ ಸೂರ್ಯ ಹುಟ್ಟಿದ ಮೇಲೂ ಕೆಲ ಹೊತ್ತು ಪರ್ವತದ ನೆರಳು ಈ ಕಡೆಯ ಇಳಿಜಾರಿನ ಮೇಲೆ ಇರುತ್ತದೆ. ಆ ನೆರಳಿನಲ್ಲಿ ಎಷ್ಟು ಎತ್ತರ ಏರುತ್ತೀರೋ ಅಷ್ಟು ನೀರು ಉಳಿಯುತ್ತದೆ. ಆರಂಭದ ದಾರಿ ದ್ರಾಕ್ಷಿ ಬಳ್ಳಿಗಳ ನಡುವೆ ಸಾಗುತ್ತದೆ. ಕಪ್ಪು ಬೂದಿಯಲ್ಲಿ ತೋಡಿದ ಗುಂಡಿಗಳಲ್ಲಿ ನೆಲಕ್ಕೆ ಹಬ್ಬಿದ ಆ ಬಳ್ಳಿಗಳು ನೋಡಲು ಕಾಡುಗಿಡಗಳಂತಿದ್ದರೂ ಒಂದು ಮನೆಯ ವರ್ಷದ ದುಡಿಮೆ, ಅವನ್ನು ತುಳಿಯಬಾರದು.

ಇಳಿಜಾರು ಕಡಿದಾದಂತೆ ಬೂದಿಯ ಆಟ ಶುರುವಾಗುತ್ತದೆ. ಇಟ್ಟ ಹೆಜ್ಜೆಯಲ್ಲಿ ಅರ್ಧ ಹಿಂದಕ್ಕೆ ಜಾರುತ್ತದೆ, ಬಲ ಹಾಕಿದಷ್ಟೂ ಹೆಚ್ಚು ಜಾರುತ್ತದೆ. ಆದ್ದರಿಂದ ಹೆಜ್ಜೆ ಚಿಕ್ಕದಾಗಿರಬೇಕು. ಮುಂದಿನವರ ಹೆಜ್ಜೆಗುರುತಿನಲ್ಲಿಯೇ ಪಾದದ ಪೂರ್ತಿ ಅಡಿಯನ್ನು ಊರಿ, ಅದು ಕೂತಿತೆಂದು ತಿಳಿದ ಮೇಲೆ ಭಾರ ವರ್ಗಾಯಿಸಬೇಕು. ಗಟ್ಟಿ ಬಂಡೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿಯಿರಿ, ಆದರೆ ಹಿಡಿಯುವ ಮೊದಲು ಅಲುಗಾಡಿಸಿ ನೋಡಿ. ಕಲ್ಲು ಉರುಳಿದರೆ ಕೂಡಲೇ ಕೂಗಿ ಕೆಳಗಿನವರನ್ನು ಎಚ್ಚರಿಸಬೇಕು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ನಿಲ್ಲಬಾರದು. ಉಸಿರು ಕಟ್ಟದ, ಮಾತನಾಡಬಹುದಾದ ವೇಗದಲ್ಲಿ ನಡೆದರೆ ಮೂರರಿಂದ ಐದು ಗಂಟೆಗಳಲ್ಲಿ ತುದಿ ತಲುಪಬಹುದು.

ತುದಿಯಲ್ಲಿ ಆಳವಾದ ಕುಳಿ ಬಾಯಿ ತೆರೆದಿರುತ್ತದೆ. ಅದರ ಅಂಚಿನ ಸಡಿಲ ಮಣ್ಣಿನಿಂದ ದೂರ ಕುಳಿತುಕೊಳ್ಳಿ. ಅಲ್ಲಲ್ಲಿ ಬಿರುಕುಗಳಿಂದ ಗಂಧಕದ ವಾಸನೆಯ ಹಬೆ ಬರುತ್ತದೆ. ಜ್ವಾಲಾಮುಖಿಯ ಅನಿಲಗಳಲ್ಲಿರುವ ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರವಾಗಿದ್ದು ತಗ್ಗುಗಳಲ್ಲಿ ಶೇಖರವಾಗಬಲ್ಲದು, ಅದಕ್ಕೆ ವಾಸನೆಯೂ ಇಲ್ಲ. ಹಾಗಾಗಿ ಕುತೂಹಲಕ್ಕೂ ಕುಳಿಯೊಳಗೆ ಇಳಿಯಬಾರದು. ಆಸ್ತಮಾ ಇರುವವರು ಹಬೆಯ ಹತ್ತಿರ ಸುಳಿಯದಿರುವುದೇ ಕ್ಷೇಮ.

ಇಳಿಯುವಾಗ ಬೂದಿ ಸಹಾಯಕ್ಕೆ ಬರುತ್ತದೆ. 1995ರ ಸ್ಫೋಟದಲ್ಲಿ ಹುಟ್ಟಿದ ಪಿಕೊ ಪೆಕೆನೊ ಎಂಬ ಚಿಕ್ಕ ಶಂಕುವಿನ ಕಡೆಗೆ ದಪ್ಪ ಬೂದಿಯ ಉದ್ದನೆಯ ಇಳಿಜಾರು ಇದೆ. ಅಲ್ಲಿ ಮಂಡಿಯನ್ನು ಸ್ವಲ್ಪ ಬಗ್ಗಿಸಿ, ಹಿಮ್ಮಡಿಯನ್ನು ಮೊದಲು ಊರಿ, ಬೂದಿಯೊಂದಿಗೇ ಜಾರುತ್ತ ಓಡಬಹುದು. ಏರಲು ಗಂಟೆಗಟ್ಟಲೆ ಹಿಡಿದದ್ದನ್ನು ಹೀಗೆ ಬಹು ಬೇಗ ಇಳಿಯಲಾಗುತ್ತದೆ. ಆದರೂ ಮಾರ್ಗದರ್ಶಕರು ಕೈ ತೋರಿದ ಪಟ್ಟಿಯನ್ನು ಬಿಟ್ಟು ಹೋಗಬೇಡಿ, ಏಕೆಂದರೆ ಪಕ್ಕದಲ್ಲಿಯೇ ತೆಳು ಬೂದಿಯ ಕೆಳಗೆ ಬಂಡೆಗಳು ಅಡಗಿರುತ್ತವೆ. ಏಳುವ ದೂಳಿನಲ್ಲಿ ಒಬ್ಬರಿಗೊಬ್ಬರು ಕಾಣದೆ ಡಿಕ್ಕಿಯಾಗದಂತೆ ಸಾಕಷ್ಟು ಅಂತರವಿರಲಿ. ಮಂಡಿನೋವು ಇರುವವರು ಮೊದಲೇ ತಿಳಿಸಿದರೆ ಏರಿದ ದಾರಿಯಲ್ಲಿಯೇ ನಿಧಾನವಾಗಿ ಇಳಿಸಿಕೊಂಡು ಬರುತ್ತಾರೆ.

ಊರು ಸೇರಿದೊಡನೆ, ಎಷ್ಟೇ ದಣಿದಿದ್ದರೂ, ಮರುದಿನದ ವ್ಯಾನಿನಲ್ಲಿ ಜಾಗ ಹಿಡಿದಿಡುವಂತೆ ಮನೆಯವರಿಗೆ ಹೇಳಿಬಿಡಿ. ನಸುಕಿನ ಆ ಗಾಡಿ ತಪ್ಪಿದರೆ ಮುಂದಿನದಕ್ಕೆ ಇಡೀ ದಿನ ಕಾಯಬೇಕಾಗಬಹುದು.