ಮಕ್ಕಳು ಊರು ಬಿಟ್ಟ ಮೇಲಿನ ಸಂಜೆಗಳು

ಮಕ್ಕಳು ಓದಿಗೋ ಕೆಲಸಕ್ಕೋ ಹೊರಟ ಮೇಲೆ ಹೆಚ್ಚು ಕಾಡುವುದು, ಅವರು ಮನೆಗೆ ಬರುತ್ತಿದ್ದ ಸಂಜೆ ಹೊತ್ತು. ವಾಕಿಂಗ್, ಭಜನೆ, ತರಕಾರಿ ತರುವುದು ಎಲ್ಲವನ್ನೂ ಆ ಗಂಟೆಗೇ ಇಟ್ಟುಕೊಳ್ಳಿ. ಅಕ್ಕಿಯ ಅಳತೆ ಮೊದಲ ದಿನವೇ ಇಳಿಸಿ. 2 ಪಾವು ಇಡುತ್ತಿದ್ದವರಿಗೆ 1 ಸಾಕು. ಮಿಕ್ಕ ಅನ್ನ ನೋಡಿದರೇ ಸಂಕಟವಾಗುತ್ತದೆ.

ಫೋನಿಗೆ ವಾರದಲ್ಲಿ 2 ದಿನ ಗೊತ್ತುಮಾಡಿ, ಸಮಯ ಅವರೇ ಹೇಳಲಿ. ನಮ್ಮ ಸಂಜೆ 7 ಗಂಟೆ ಅಂದರೆ ನ್ಯೂಯಾರ್ಕಿನಲ್ಲಿ ಬೇಸಿಗೆಗೆ ಬೆಳಿಗ್ಗೆ 9.30, ಚಳಿಗಾಲಕ್ಕೆ 8.30. ಆಫೀಸಿನ ಗಡಿಬಿಡಿಯಲ್ಲಿ ಎತ್ತದಿದ್ದರೆ ಅದಕ್ಕೆ ಬೇರೆ ಅರ್ಥ ಹಚ್ಚಬೇಡಿ.

ಅವರ ಕೋಣೆಗೆ ಬೀಗ ಬೇಡ, ದಿನಾ ಕಿಟಕಿ ತೆಗೆಯಿರಿ.

ಅಳು ಬರುವುದು ಸಹಜ. ಆದರೆ 2 ವಾರ ಕಳೆದರೂ ನಿದ್ದೆ, ಹಸಿವು ಸರಿಹೋಗದೆ ಯಾವುದೂ ಬೇಡವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.