ಊಟದ ಮೇಜಿನ ಮೇಲೆ ಕ್ಯಾನೆ ಕದನ

ಕ್ರಿ.ಪೂ. 216ರಲ್ಲಿ ದಕ್ಷಿಣ ಇಟಲಿಯ ಕ್ಯಾನೆ ಎಂಬಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಸೇನಾಪತಿ ಹ್ಯಾನಿಬಲ್ ತನ್ನದಕ್ಕಿಂತ ದೊಡ್ಡದಾದ ರೋಮನ್ ಸೈನ್ಯವನ್ನು ನಾಲ್ಕೂ ಕಡೆಯಿಂದ ಸುತ್ತುವರಿದು ನಾಶಮಾಡಿದ. ಅದೇ ಕದನವನ್ನು ಮನೆಯಲ್ಲಿ ಆಡಿ ನೋಡಲು ಬ್ರಿಟನ್ನಿನ ವಾರ್‌ಗೇಮ್ಸ್ ರಿಸರ್ಚ್ ಗ್ರೂಪ್ 1990ರಲ್ಲಿ ಪ್ರಕಟಿಸಿದ ‘ಡಿ ಬೆಲಿಸ್ ಆಂಟಿಕ್ವಿಟಾಟಿಸ್’ ಎಂಬ ಮೇಜಿನ ಯುದ್ಧದಾಟದ ನಿಯಮಗಳ ತಿರುಳಷ್ಟೇ ಸಾಕು.

ಮೊದಲು ದಪ್ಪ ರಟ್ಟಿನಲ್ಲಿ 40 ಮಿಲಿಮೀಟರ್ ಅಗಲದ ತುಂಡುಗಳನ್ನು ಕತ್ತರಿಸಿ, ಪಕ್ಷಕ್ಕೆ 12ರಂತೆ ಹಂಚಿಕೊಳ್ಳಿ. ಒಂದೊಂದು ತುಂಡೂ ಒಂದು ತುಕಡಿ. ಅದರ ಮೇಲೆ ನಿಲ್ಲಿಸಲು ಸೈನಿಕರ ಗೊಂಬೆ ಸಿಗದಿದ್ದರೆ ತುಕಡಿಯ ಹೆಸರು ಬರೆದರೂ ನಡೆಯುತ್ತದೆ. ರೋಮನ್ನರಿಗೆ 6 ಖಡ್ಗ (ಖಡ್ಗ ಹಿಡಿದ ಪದಾತಿ), 2 ಈಟಿ (ಈಟಿ ಹಿಡಿದ ಪದಾತಿ), 2 ಅಶ್ವ, 2 ಹಗುರ ಪದಾತಿ ಕೊಡಿ. ಕಾರ್ಥೇಜಿಗೆ 4 ಆಫ್ರಿಕನ್ ಈಟಿ, ನಡುವೆ ನಿಲ್ಲಲು 4 ಗಾಲ್ ಮತ್ತು ಸ್ಪ್ಯಾನಿಷ್ ಪದಾತಿ, ರೆಕ್ಕೆಗಳಿಗೆ, ಎಂದರೆ ಸಾಲಿನ ಎರಡು ತುದಿಗಳಿಗೆ, 4 ಅಶ್ವ. ಹ್ಯಾನಿಬಲ್ ಎಂದೊಡನೆ ಆನೆ ಬರೆಯಲು ಕೂರಬೇಡಿ, ಕ್ಯಾನೆಯಲ್ಲಿ ಅವನ ಬಳಿ ಆನೆಗಳಿರಲಿಲ್ಲ. ಅರವತ್ತು ಸೆಂಟಿಮೀಟರ್ ಚೌಕದ ಬಯಲು ಸಾಕು. ಒಂದು ನಡೆಗೆ ಈಟಿ, ಖಡ್ಗಗಳಿಗೆ 5 ಸೆಂಟಿಮೀಟರ್, ಅಶ್ವಕ್ಕೆ 10 ಎಂದಿಟ್ಟುಕೊಳ್ಳಿ.

ಸರದಿ ಬಂದವರು ಆರು ಮುಖದ ಒಂದು ದಾಳ ಎಸೆಯಬೇಕು. ಪಗಡೆಯಲ್ಲಿ ಗರ ಬಿದ್ದಷ್ಟು ಮನೆ ಕಾಯಿ ನಡೆಯುತ್ತದೆ; ಇಲ್ಲಿ ಬಿದ್ದ ಅಂಕಿಯಷ್ಟು ಅಪ್ಪಣೆಗಳು ನಿಮ್ಮವು. ಒಂದು ಅಪ್ಪಣೆಗೆ ಒಂಟಿ ತುಕಡಿ ಚಲಿಸಬಹುದು, ಇಲ್ಲವೇ ಅಂಚಿಗೆ ಅಂಚು ತಾಗಿಸಿ ಒಂದೇ ದಿಕ್ಕಿಗೆ ಮುಖಮಾಡಿ ನಿಂತ ಇಡೀ ಸಾಲು ಚಲಿಸಬಹುದು. ಆದುದರಿಂದ ಸಾಲು ಮುರಿಯದಂತೆ ನೋಡಿಕೊಂಡವರಿಗೆ ಒಂದು ಬಿದ್ದರೂ ಕೆಲಸ ನಡೆಯುತ್ತದೆ. ಚೆಲ್ಲಾಪಿಲ್ಲಿಯಾದ ಸೈನ್ಯಕ್ಕೆ ಆರೂ ಸಾಲದು. ಉಳಿದ ಅಪ್ಪಣೆ ಮುಂದಿನ ಸರದಿಗೆ ಸೇರುವುದಿಲ್ಲ. ನನಗೆ ಈ ಆಟ ಹಿಡಿಸಿದ್ದೇ ಈ ನಿಯಮದಿಂದ: ಸೇನಾಪತಿಯ ದನಿ ಎಷ್ಟು ದೂರ ಕೇಳಿಸೀತು ಎಂಬುದನ್ನು ದಾಳ ಅಳೆಯುತ್ತದೆ.

ಎರಡು ತುಕಡಿಗಳು ಮುಖಾಮುಖಿ ತಾಗಿದಾಗ ಇಬ್ಬರೂ ದಾಳ ಎಸೆದು, ತಮ್ಮ ತುಕಡಿಯ ಬಲವನ್ನು ಕೂಡಿಸಬೇಕು. ಪದಾತಿಯೆದುರು ಖಡ್ಗದ ಬಲ 5, ಈಟಿಯದು 4. ಖಡ್ಗಕ್ಕೆ 2 ಬಿದ್ದು ಮೊತ್ತ 7 ಆಯಿತು, ಈಟಿಗೆ 4 ಬಿದ್ದು 8 ಆಯಿತು ಎನ್ನಿ. ಸೋತ ಖಡ್ಗ ಹಿಂದೆ ಸರಿಯುತ್ತದೆ, ಅಷ್ಟೆ. ಸೋತವರ ಮೊತ್ತ ಗೆದ್ದವರದರ ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದರೆ ಮಾತ್ರ ಸಾಮಾನ್ಯವಾಗಿ ತುಕಡಿ ಮೇಜಿನಿಂದ ಹೊರಬೀಳುತ್ತದೆ.

ಕ್ಯಾನೆಯ ಗುಟ್ಟು ಅಡಗಿರುವುದು ಮುಂದಿನ ನಿಯಮದಲ್ಲಿ. ಪಕ್ಕಕ್ಕೋ ಬೆನ್ನಿಗೋ ಶತ್ರುವಿನ ಇನ್ನೊಂದು ತುಕಡಿ ಮುಖ ತಾಗಿಸಿ ನಿಂತಿದ್ದರೆ ಮೊತ್ತದಲ್ಲಿ 1 ಕಳೆಯಬೇಕು. ಜೊತೆಗೆ, ಹಾಗೆ ಸಿಕ್ಕಿಬಿದ್ದ ತುಕಡಿ ಹಿಂದೆ ಸರಿಯಬೇಕಾಗಿ ಬಂದರೆ ಸರಿಯಲು ದಾರಿಯಿಲ್ಲದೆ ಅಲ್ಲೇ ನಾಶವಾಗುತ್ತದೆ. ಮೇಲಿನ ಉದಾಹರಣೆಯ ಖಡ್ಗದ ಪಕ್ಕಕ್ಕೆ ಆಫ್ರಿಕನ್ ಈಟಿಯೊಂದು ಬಂದು ತಾಗಿದೆ ಎಂದುಕೊಳ್ಳಿ: ಮೊತ್ತ 6ಕ್ಕೆ ಇಳಿಯಿತು, ಎದುರಿಗೆ 8, ತುಕಡಿ ಹೋಯಿತು.

ಎದುರಾಳಿಗಿಂತ ಹೆಚ್ಚು ನಷ್ಟ ಅನುಭವಿಸಿ, ಮೊದಲು 4 ತುಕಡಿ ಕಳೆದುಕೊಂಡವರು ಸೋತಂತೆ. ಕಾರ್ಥೇಜಿನ ಅಶ್ವ ಬೆನ್ನ ಹಿಂದೆ ಬಂದೇ ಬರುತ್ತದೆ; ಹಾಗಾಗಿ ರೋಮನ್ ಪಕ್ಷ ವಹಿಸಿದವರು ಎರಡು ಈಟಿ ತುಕಡಿಗಳನ್ನು ಮುಂದಿನ ಸಾಲಿಗೆ ತುರುಕದೆ, ಮೊದಲೇ ಹಿಂದಕ್ಕೆ ಮುಖಮಾಡಿಸಿ ನಿಲ್ಲಿಸಿಕೊಳ್ಳಲಿ.