800 ಮಂದಿಯ ಮದುವೆ ಊಟ, ಪೇಪರ್ ಕಪ್ಪೂ ಇಲ್ಲದೆ

ಪ್ಲಾಸ್ಟಿಕ್ ಇಲ್ಲದೆ ದೊಡ್ಡ ಮದುವೆಗೆ ಊಟ ಹಾಕುವುದು ಆಗುವ ಕೆಲಸ ಅಲ್ಲ ಅಂತ ಗದಗ-ಬೆಟಗೇರಿಯಲ್ಲಿ ಅಡುಗೆ ಗುತ್ತಿಗೆ ಹಿಡಿಯುವ ಗೆಳೆಯರೆಲ್ಲ ಹೇಳಿದ್ದರು. ಆಯಿತು. ಕಳೆದ ಸೀಸನ್ನಿನಲ್ಲಿ ಸುಮಾರು 800 ಮಂದಿ ಉಂಡೆದ್ದ ಮೇಲೆ ಸಿಕ್ಕ ಪ್ಲಾಸ್ಟಿಕ್ ಒಂದು ಚೀಲವೂ ತುಂಬಲಿಲ್ಲ. ಅದರಲ್ಲೂ ಜಾಸ್ತಿ ಗುಟ್ಕಾ ಚೀಟಿಗಳೇ.

ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ. ಆಮೇಲೆ ಎಲ್ಲರೂ ಪೇಪರ್ ಕಪ್ಪು ಹಿಡಿದರು. ಅದರ ಒಳಗೂ ತೆಳು ಪ್ಲಾಸ್ಟಿಕ್ ಇದೆ. ತಿಪ್ಪೆಯಲ್ಲಿ ಕಾಗದ ಕೊಳೆತರೂ ಆ ಪೊರೆ ಹಾಗೇ ಉಳಿದಿತ್ತು, ಕೆದರಿ ನೋಡಿದ್ದೇನೆ.

ಸ್ಟೀಲ್ ತಟ್ಟೆ ಇಡಿ ಅಂತ ಸುಮಾರು ಜನ ಹೇಳುತ್ತಾರೆ. ನಲ್ಲಿ ನೀರು ದಿನಾ ಬಾರದ ಊರಲ್ಲಿ ಅಷ್ಟು ತಟ್ಟೆ ತೊಳೆಯುವುದು ಹೇಗೆ? ಒಂದು ಮದುವೆಗೆ ಟ್ಯಾಂಕರ್ ತರಿಸಿ ನೋಡಿದೆ, ನನ್ನ ಲಾಭ ಮೋರಿ ಸೇರಿತು. ಶಿರಸಿ ಕಡೆಯ ಅಡಿಕೆ ಹಾಳೆ ತಟ್ಟೆ ಗಟ್ಟಿ, ಆದರೆ ಒಂದಕ್ಕೆ ಐದಾರು ರೂಪಾಯಿ, ಮಳೆಗಾಲದಲ್ಲಿ ಬೂಷ್ಟು ಬೇರೆ. ಕೊನೆಗೆ ಊಟಕ್ಕೆ ಮುತ್ತಲ ಎಲೆ, ನೀರಿಗೆ ಮಾತ್ರ ಸ್ಟೀಲ್ ಲೋಟ ಅಂತ ಗಟ್ಟಿ ಮಾಡಿದೆ.

ಮುತ್ತಲ ಎಲೆಯಲ್ಲಿ ಕಟ್ಟಿನ ಸಾರು ಸೋರುತ್ತದೆ, ನಿಜ. ಎಲೆಗೆ ಮೊದಲೇ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು, ಇಲ್ಲದಿದ್ದರೆ ಕಡ್ಡಿ ಚುಚ್ಚಿದ ಕಡೆ ಸೀಳುತ್ತದೆ. ಸಾರನ್ನು ಅನ್ನದ ಗುಂಡಿಗೇ ಬಿಡುವ ಕೈ ಬೇಕು. ನನ್ನ ಹುಡುಗರಿಗೆ ಆ ಕೈ ಇದೆ.

ದುಡ್ಡು ಉಳಿಯುವುದು ನೀರಿನಲ್ಲಿ. ಸಣ್ಣ ಬಾಟಲಿ ಇಟ್ಟಿದ್ದರೆ ಏಳೆಂಟು ಸಾವಿರ ಹೋಗುತ್ತಿತ್ತು. ಕ್ಯಾನು, ಲೋಟದ ಬಾಡಿಗೆ, ತೊಳೆಯುವ ಇಬ್ಬರು ಹೆಣ್ಣುಮಕ್ಕಳ ಕೂಲಿ, ಕಳೆದುಹೋದ ಲೋಟದ ದಂಡ ಎಲ್ಲ ಸೇರಿ ಮೂರು ಸಾವಿರದ ಆಸುಪಾಸು.

ಇನ್ನು ಕೆಡುವ ಅಡುಗೆ. ಕಡಕ್ ರೊಟ್ಟಿ ಉಳಿದರೆ ಚಿಂತೆಯಿಲ್ಲ, ಶೇಂಗಾ ಚಟ್ನಿಯೂ ಇರುತ್ತದೆ. ಚೆಲ್ಲಿಹೋಗುವುದು ಅನ್ನ. ಕೊನೆಯ ಡಬರಿಗೆ ಅಕ್ಕಿಯನ್ನು ಎರಡನೇ ಪಂಕ್ತಿ ಎದ್ದ ಮೇಲೆಯೇ ಹಾಕಿಸುತ್ತೇನೆ. ಆಗ ಇನ್ನೆಷ್ಟು ಮಂದಿ ಬಾಕಿ ಅಂತ ಹೇಗೆ ಲೆಕ್ಕ ಹಿಡಿಯುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಇಲ್ಲಿ ಬರೆಯುವುದಿಲ್ಲ.

ಎಂಜಲೆಲೆ ತಿಪ್ಪೆಗೆ ಹೋಗಬೇಕಾದರೆ ಅದರಲ್ಲಿ ಬೇರೇನೂ ಬೆರೆಯಬಾರದು. ಬೋರ್ಡು ಹಾಕಿದೆ, ಯಾರೂ ಓದಲಿಲ್ಲ. ಕೂಲಿ ಹುಡುಗನನ್ನು ನಿಲ್ಲಿಸಿದೆ, ಅವನ ಮಾತು ಯಾರೂ ಕೇಳಲಿಲ್ಲ. ಆಮೇಲೆ ಮದುಮಗಳ ಸೋದರಮಾವನನ್ನೇ ಕೈ ತೊಳೆಯುವ ಕಡೆ ಕುರ್ಚಿ ಹಾಕಿ ಕೂರಿಸಿದೆವು. "ಯಪ್ಪಾ, ಎಲಿ ಈ ಬುಟ್ಟಿಗೆ ಹಾಕು" ಅಂತ ಅವರು ಅಂದರೆ ಮುಗೀತು, ಬೀಗರೂ ಕೇಳುತ್ತಾರೆ. ಪ್ಲಾಸ್ಟಿಕ್ ಚೀಟಿ ಬೀಳದಿರಲಿ ಅಂತ ಎಲೆಯಡಿಕೆಯನ್ನೂ ಬಿಡಿಯಾಗಿಯೇ ತಟ್ಟೆಯಲ್ಲಿಟ್ಟೆವು. ಲಕ್ಕುಂಡಿ ಕಡೆಯ ರೈತರೊಬ್ಬರು ಟ್ರ್ಯಾಕ್ಟರ್ ತಂದು ಎಂಜಲೆಲೆ ಒಯ್ದರು, ಡೀಸೆಲ್ ಖರ್ಚು ಮಾತ್ರ ನಮ್ಮದು.

ಫ್ಲೆಕ್ಸ್ ಬದಲು ಬಟ್ಟೆಯ ಬ್ಯಾನರ್ ಮಾಡಿಸಿದೆ. ರಾಷ್ಟ್ರಧ್ವಜ ತಯಾರಾಗುವ ಹುಬ್ಬಳ್ಳಿಯ ಬೆಂಗೇರಿಯಿಂದ ಖಾದಿ ತಂದು, ಮಂಟಪದಲ್ಲಿ ಉಳಿದ ಚೆಂಡು ಹೂವನ್ನೇ ಕುದಿಸಿ ಬಣ್ಣ ಹಾಕಿದೆ. ತುರಟಿ (ಪಟಿಕ) ನೀರಲ್ಲಿ ಅದ್ದಿದ ಬಟ್ಟೆಗೆ ಹಳದಿ ಚೆನ್ನಾಗಿ ಹತ್ತಿತು, ಬಿಸಿಲಿಗೆ ಮಾತ್ರ ಬೇಗ ಮಾಸುತ್ತದೆ. ಮುಂದಿನ ಸಲ ದಾಳಿಂಬೆ ಸಿಪ್ಪೆ ಸೇರಿಸಿ ನೋಡಬೇಕು.